ಬೆಳಕಿನ ಕೆಳಗೆ ಹೋದ ಸೀರೆ

ಆ ಯಂತ್ರಕ್ಕೆ ‘ಅತ್ತಿ’ ಎಂದು ಹೆಸರಿಟ್ಟವಳು ಯಾದಮ್ಮ. ಅವಳ ತೆಲುಗಿನಲ್ಲಿ ಅತ್ತ, ಜೊತೆಗೆ ಕೆಲಸ ಮಾಡುವ ಬಂಡೆಮ್ಮನ ಕನ್ನಡದಲ್ಲಿ ಅತ್ತಿ, ಅಂದರೆ ಗಂಡನ ತಾಯಿ. ಯಾರಿಗೂ ಬಿಡಿಸಿ ಹೇಳುವ ಅಗತ್ಯ ಬೀಳಲಿಲ್ಲ. ಎದುರಿಗೆ ಬಂದದ್ದನ್ನು ಒಂದು ಸಲ ನೋಡುತ್ತದೆ, ಆ ಕ್ಷಣಕ್ಕೇ ತೀರ್ಮಾನ ಮಾಡುತ್ತದೆ, ಮಾತಿಲ್ಲದೆ ಪಕ್ಕಕ್ಕೆ ತಳ್ಳುತ್ತದೆ.

ನಾಚಾರಂನ ಕಾರ್ಖಾನೆಗಳ ಸಾಲಿನಲ್ಲಿ, ತಗಡಿನ ಚಾವಣಿಯ ಒಂದು ಶೆಡ್ಡಿನಲ್ಲಿ ಅದು ನಿಂತಿದೆ. ಹೈದರಾಬಾದಿನ ಮನೆಗಳು ಬೇಡವೆಂದು ಬಿಟ್ಟ ಬಟ್ಟೆಯೆಲ್ಲ ಅಲ್ಲಿಗೆ ಬರುತ್ತದೆ. ಸ್ಕೂಲ್ ಯೂನಿಫಾರಂ, ಲುಂಗಿ, ನೈಟಿ, ಬಣ್ಣ ಹೋದ ದುಪಟ್ಟಾ, ಯಾವುದೋ ಕಂಪನಿಯ ಹೆಸರಿರುವ ಟೀ ಶರ್ಟುಗಳ ರಾಶಿ. ಉದ್ದನೆಯ ರಬ್ಬರ್ ಪಟ್ಟಿಯೊಂದು ಓಡುತ್ತಿರುತ್ತದೆ. ಹೆಂಗಸರು ಆಚೀಚೆ ನಿಂತು ಬಟ್ಟೆಯನ್ನು ಒಂದೊಂದಾಗಿ ಅದರ ಮೇಲೆ ಹಾಸುತ್ತಾರೆ. ನಡುವೆ ಒಂದು ಗೂಡು, ಗೂಡಿನೊಳಗೆ ಬೆಳಕು. ಬೆಳಕು ಬಟ್ಟೆಯ ಮೇಲೆ ಬಿದ್ದು ಹಿಂದಿರುಗುವ ರೀತಿ ಒಂದೊಂದು ನೂಲಿಗೂ ಬೇರೆ ಬೇರೆ. ಅದನ್ನು ನೋಡಿಯೇ ಯಂತ್ರ ಇದು ಇಂಥದ್ದು ಎಂದು ಗುರುತು ಹಿಡಿಯುತ್ತದೆ. ಗೂಡಿನಿಂದ ಬಟ್ಟೆ ಹೊರಬಂದ ಕೂಡಲೇ ಸಣ್ಣ ತೂತುಗಳಿಂದ ಗಾಳಿ ಉಫ್ ಎನ್ನುತ್ತದೆ. ಹತ್ತಿಯದು ಎಡಕ್ಕೆ ಹಾರುತ್ತದೆ, ಪಾಲಿಸ್ಟರ್ ಬಲಕ್ಕೆ. ರೇಷ್ಮೆ, ಉಣ್ಣೆ, ಬೆರಕೆ ನೂಲಿನಂಥವು ಎರಡೂ ಕಡೆ ಸಲ್ಲದೆ ನೇರ ಮುಂದೆ ಹೋಗಿ ಚೀಲಕ್ಕೆ ಬೀಳುತ್ತವೆ.

ಬಂಡೆಮ್ಮ ಮೊದಲ ದಿನ ಕೈಯಲ್ಲಿ ಹಿಡಿದ ಅಂಗಿಯನ್ನು ಹಾಸುವುದನ್ನೇ ಮರೆತು ನಿಂತಿದ್ದಳು.

‘ಮುಟ್ಟಲಿಲ್ಲ, ಮೂಸಲಿಲ್ಲ, ಎಳದು ನೋಡಲಿಲ್ಲ. ಹೆಂಗ ತಿಳೀತು ಇದಕ್ಕ?’

ಯಂತ್ರ ನೋಡಿಕೊಳ್ಳುವ ನಿಖಿತಾ ಮೈಸೂರಿನ ಹುಡುಗಿ. ‘ನಮ್ಮ ಕಣ್ಣಿಗೆ ಕಾಣದ ಬೆಳಕೂ ಅದರೊಳಗಿದೆ ಬಂಡೆಮ್ಮ. ಅದು ಹೇಳುತ್ತೆ’ ಎಂದಳು.

‘ಕಾಣದ್ದಕ್ಕ ಬೆಳಕು ಅಂತ ಹೆಂಗ ಅಂತೀರಿ ಮೇಡಮ್ಮಾ?’

ನಿಖಿತಾ ಮರುದಿನ ಬಂದು, ‘ಇಸ್ತ್ರಿ ಪೆಟ್ಟಿಗೆ ಹತ್ತಿರ ಕೈ ಹಿಡಿದ್ರೆ ಬಿಸಿ ತಾಗುತ್ತಲ್ಲ, ಅದು ಕಣ್ಣಿಗೆ ಕಾಣುತ್ತಾ? ಆ ಜಾತಿದು’ ಎಂದಳು. ಬಂಡೆಮ್ಮ ಆ ಮಾತನ್ನು ಮನೆಗೆ ಒಯ್ದಳು. ರೊಟ್ಟಿ ಸುಡುವಾಗ ಹಂಚಿನ ಮೇಲೆ ಅಂಗೈ ಹಿಡಿದು ಹಿಡಿದು ನೋಡಿದಳು. ಇಷ್ಟು ವರ್ಷ ಈ ಒಲೆಯ ಮುಂದೆ ಕೂತವಳಿಗೆ, ಇಲ್ಲಿಯೂ ಒಂದು ಕಾಣದ ಬೆಳಕು ಇದೆ ಎಂಬುದು ಗೊತ್ತೇ ಇರಲಿಲ್ಲ.

ಸೇಡಂ ಕಡೆಯ ಹಳ್ಳಿಯಿಂದ ಲಗ್ನವಾದ ವರ್ಷವೇ ಈ ಊರಿಗೆ ಬಂದವಳು ಬಂಡೆಮ್ಮ. ಗಂಡ ಕಲ್ಯಾಣಪ್ಪ ಗೌಂಡಿ. ಅವನು ಕಟ್ಟಿದ ಗೋಡೆಗಳಿಗೆ ಇಟ್ಟಂಗಿ ಹೊತ್ತವಳು ಇವಳು. ಆಮೇಲೆ ಮಲ್ಕಾಜ್‌ಗಿರಿಯಲ್ಲಿ ರೈಲ್ವೆಯವರ ಮನೆಗಳ ಮುಸುರೆ, ಕಸ. ಈಗ ಈ ಶೆಡ್ಡು. ಹೊರಗಿನ ಕೆಲಸಕ್ಕೆ ಬೇರೆ ಬೇರೆ ಹೆಸರು ಬಂದವು. ಮನೆಯ ಕೆಲಸಕ್ಕೆ ಮಾತ್ರ ಹೆಸರೇ ಇರಲಿಲ್ಲವಾದ್ದರಿಂದ ಅದು ಎಂದೂ ಬದಲಾಗಲಿಲ್ಲ.

ಶೆಡ್ಡಿನಲ್ಲಿ ಅವಳನ್ನು ಬೆರಗಾಗಿಸಿದ್ದು ಯಂತ್ರವೊಂದೇ ಅಲ್ಲ. ಅಪಾರ್ಟ್‌ಮೆಂಟುಗಳ ಬಾಗಿಲಲ್ಲಿ ಕಂಪನಿಯವರು ಹಳೆ ಬಟ್ಟೆಯ ಪೆಟ್ಟಿಗೆ ಇಟ್ಟಿದ್ದಾರೆ. ತುಂಬಿದಾಗ ಆ ಪೆಟ್ಟಿಗೆಯೇ ನಿಖಿತಾಳ ಫೋನಿಗೆ ಸುದ್ದಿ ಕಳಿಸುತ್ತದೆ, ಗಾಡಿ ಹೋಗಿ ತರುತ್ತದೆ. ಯಾರೂ ಹೋಗಿ ಮುಚ್ಚಳ ತೆಗೆದು ನೋಡಬೇಕಿಲ್ಲ, ನೆನಪಿಟ್ಟುಕೊಳ್ಳಬೇಕಿಲ್ಲ.

‘ತನ್ನ ಹೊಟ್ಟಿ ತುಂಬೈತಿ ಅಂತ ತಾನಽ ಹೇಳತೈತೇನು?’ ಎಂದು ಬಂಡೆಮ್ಮ ಎರಡೆರಡು ಸಲ ಕೇಳಿ ಖಚಿತ ಮಾಡಿಕೊಂಡಳು.

ಅವಳ ಮನೆಯಲ್ಲಿ ಕೊಡ ಖಾಲಿಯಾದದ್ದು, ಉಪ್ಪಿನ ಡಬ್ಬಿಯ ತಳ ಕಂಡದ್ದು, ಗ್ಯಾಸ್ ಸಿಲಿಂಡರ್ ಹಗುರಾದದ್ದು, ಅತ್ತೆಯ ಮೊಣಕಾಲಿನ ಎಣ್ಣೆ ಮುಗಿದದ್ದು, ಯಾವುದೂ ತಾನಾಗಿ ಹೇಳುವುದಿಲ್ಲ. ಅದನ್ನೆಲ್ಲ ನೋಡಿಕೊಂಡಿರುವ ಕೆಲಸ ಒಬ್ಬಳದೇ. ಮಾಡುವ ಕೆಲಸವಾದರೂ ನಾಲ್ಕು ಜನರ ಕಣ್ಣಿಗೆ ಬೀಳುತ್ತದೆ. ಈ ನೋಡಿಕೊಂಡಿರುವ ಕೆಲಸ ಯಾರಿಗೂ ಕಾಣುವುದಿಲ್ಲ. ಮಗ ಭೀಮಾಶಂಕರ ಅಮೀರ್‌ಪೇಟೆಯ ಹಾಸ್ಟೆಲ್ ಒಂದರಲ್ಲಿ ಅಡುಗೆಯವನು. ಕೋಚಿಂಗಿಗೆ ಬಂದ ಹುಡುಗರಿಗೆ ದೊಡ್ಡ ದೊಡ್ಡ ಪಾತ್ರೆಯಲ್ಲಿ ಸಾರು ಕುದಿಸುತ್ತಾನೆ. ಮನೆಗೆ ಬಂದರೆ ಉಂಡ ತಾಟು ಎತ್ತುವುದಿಲ್ಲ.

ಅತ್ತೆ ಸಾಬಮ್ಮ ಕೊಟ್ಟ ಸೀರೆಯ ವಿಷಯ ಇಲ್ಲಿ ಹೇಳಬೇಕು.

ಲಗ್ನದಲ್ಲಿ ಸಾಬಮ್ಮ ಸೊಸೆಗೆ ಉಡಿಸಿದ್ದು ಗಾಢ ಕೆಂಪಿನ ಹೊಳೆಯುವ ಸೀರೆ. ಅದು ಸಾಬಮ್ಮನಿಗೆ ಅವಳ ಅತ್ತೆ ಉಡಿಸಿದ್ದು. ‘ನಮ್ಮ ಮನಿತನದ ರೇಷ್ಮಿ’ ಎಂದೇ ಅದಕ್ಕೆ ಹೆಸರು. ಆ ವರ್ಷದ ಶ್ರಾವಣದಲ್ಲಿ ಉಟ್ಟು, ಅಂಟವಾಳದ ನೊರೆಯಲ್ಲಿ ಅದ್ದಿ, ಹಿಂಡುವಾಗ ಅಂಚಿನ ಪಕ್ಕ ಗೇಣುದ್ದ ಹರಿಯಿತು. ಬಂಡೆಮ್ಮ ಜೋರಾಗಿ ಹಿಂಡಿರಲಿಲ್ಲ. ಆದರೆ ಹರಿದದ್ದು ಕಣ್ಣ ಮುಂದೆ ಇತ್ತು, ಹಿಂಡಿದ ಕೈ ಅವಳದಾಗಿತ್ತು.

ಅಂದಿನಿಂದ ಅವಳು ಒರಟುಗೈಯವಳು. ಕಪ್ಪು ಒಡೆದರೆ, ಹಾಲು ಉಕ್ಕಿದರೆ, ಮಗು ಬಿದ್ದರೆ ಆ ಮಾತು ಬರುತ್ತಿತ್ತು. ‘ರೇಷ್ಮಿ ಹರದ ಕೈ ಅದು.’ ಇಟ್ಟಂಗಿ ಹೊತ್ತು ಬಂದು ಸೊಂಟ ನೋವೆಂದರೆ ಇನ್ನೊಂದು ಮಾತು: ‘ರೇಷ್ಮಿ ಉಡಿಸಿ ಕರಕೊಂಡು ಬಂದೀವಿ. ಯಾರ ಸೊಸೀಗೆ ಐತಿ ಆ ಭಾಗ್ಯ?’ ಹಾಗೆ ಮೂವತ್ತು ವರ್ಷ. ಬಂಡೆಮ್ಮ ಮಾತು ಬೆಳೆಸಲಿಲ್ಲ. ಆದರೆ ಯಾರ ಮನೆಯ ಗಾಜಿನ ಲೋಟ ತೊಳೆಯುವಾಗಲೂ ತನ್ನ ಕೈಯನ್ನೇ ನೋಡಿಕೊಳ್ಳುವುದು ಅವಳಿಗೆ ರೂಢಿಯಾಯಿತು.

ಶೆಡ್ಡಿನಲ್ಲಿ ಊಟದ ಹೊತ್ತಿಗೆ ಪಟ್ಟಿ ನಿಲ್ಲುತ್ತದೆ. ನಿಖಿತಾಳ ಬಳಿ ಅಂಗೈಯಗಲದ ಇನ್ನೊಂದು ಉಪಕರಣ ಇದೆ. ಬಟ್ಟೆಗೆ ಒತ್ತಿ ಹಿಡಿದರೆ ಅದರ ಗಾಜಿನ ಮೇಲೆ ನೂಲಿನ ಹೆಸರು ಮೂಡುತ್ತದೆ. ಒಂದು ದಿನ ಯಾದಮ್ಮ ತಾನು ಉಟ್ಟ ಸೀರೆಯ ಸೆರಗನ್ನೇ ಮುಂದೆ ಹಿಡಿದಳು. ಅತ್ತೆ ಕೊಟ್ಟ ‘ಅಸಲಿ ಕಾಟನ್’ ಅದು. ಗಾಜಿನ ಮೇಲೆ ಪಾಲಿಸ್ಟರ್ ಎಂದು ಬಂತು.

‘ಚೂಡಂಡಿ, ನಾ ಅತ್ತ ಸಂಗತಿ, ನೋಡಿ ನಮ್ಮತ್ತೆಯ ಬಣ್ಣ’ ಎಂದು ಯಾದಮ್ಮ ಎಲ್ಲರಿಗೂ ತೋರಿಸಿದಳು. ‘ಬೇಸಿಗೆಯಲ್ಲಿ ಮೈ ಉರಿಯುತ್ತೆ ಅಂದ್ರೆ ನಿನ್ನ ಮೈಯೇ ಉರಿ ಅಂತಿದ್ಲು.’

ಅಲ್ಲಿಂದ ಅದು ಹೆಂಗಸರ ಹಬ್ಬವಾಯಿತು. ಒಬ್ಬೊಬ್ಬರೂ ಊಟದ ಡಬ್ಬಿಯ ಜೊತೆಗೆ ಒಂದು ಸೀರೆ ತರತೊಡಗಿದರು. ಅತ್ತೆ ಉಡಿಸಿದ್ದು, ನಾದಿನಿ ಕೊಟ್ಟದ್ದು, ಗಂಡ ಬೊಂಬಾಯಿಯಿಂದ ತಂದೆನೆಂದದ್ದು. ಎಷ್ಟೋ ರೇಷ್ಮೆ ಪಾಲಿಸ್ಟರ್ ಆದವು. ತೀರ ಸಾದಾ ಎಂದು ಅಟ್ಟಕ್ಕೆ ಎಸೆದಿದ್ದ ತವರಿನ ಸೀರೆಯೊಂದು ಅಪ್ಪಟ ರೇಷ್ಮೆ ಎಂದು ಬಂದಾಗ, ಅದರ ಒಡತಿ ಸೀರೆಯನ್ನು ಮಡಿಲಲ್ಲಿಟ್ಟುಕೊಂಡು ಊಟ ಮಾಡದೆ ಕೂತುಬಿಟ್ಟಳು. ನಿಖಿತಾ ನಗುತ್ತಲೇ ಇದ್ದಳು. ಈ ಉಪಕರಣ ಮಾಡಿದವರು ಇದನ್ನು ಊಹಿಸಿರಲಾರರು.

‘ನಿಂದು ಯಾವಾಗ ತರ್ತಿ ಬಂಡೆಮ್ಮ?’ ಎಂದಳು ಯಾದಮ್ಮ.

‘ನಮ್ಮ ಮನ್ಯಾಗ ಸೀರಿ ಎಲ್ಲಿವ? ಉಟ್ಟದ್ದು ಒಗದದ್ದು ಅಷ್ಟಽ’ ಎಂದು ಅವಳು ಜಾರಿಕೊಂಡಳು.

ಅಷ್ಟರಲ್ಲಿ ಭೀಮಾಶಂಕರನಿಗೆ ಹೆಣ್ಣು ಗೊತ್ತಾಯಿತು. ಉಮಾಶ್ರೀ ಎಂದು, ಮಲ್ಕಾಜ್‌ಗಿರಿಯಲ್ಲಿ ಒಂದು ಕಣ್ಣಿನ ದವಾಖಾನೆಯಲ್ಲಿ ಚೀಟಿ ಬರೆಯುವ ಕೆಲಸ ಅವಳದು. ಬರುವ ಭಾನುವಾರ ಉಡಿ ತುಂಬುವುದೆಂದಾಯಿತು. ಸಾಬಮ್ಮ ಬಾಗಿಲ ಬಳಿಯ ತನ್ನ ಚಾಪೆಯಿಂದಲೇ ಹುಕುಂ ಕೊಟ್ಟಳು.

‘ಟ್ರಂಕಿನಾಗಿಂದ ರೇಷ್ಮಿ ತಗಿ. ಆ ಹುಡುಗೀಗೆ ಅದನ್ನಽ ಕೊಡೂದು. ಹೆಂಗ ನೋಡ್ಕೋಬೇಕು ಅಂತ ಮೊದಲಽ ಹೇಳಿಬಿಡು. ನಿನ್ನಂಗ ಮಾಡೀತು.’

ಬಂಡೆಮ್ಮ ಸೀರೆ ತೆಗೆದಳು. ಬೇವಿನ ಎಲೆಯ ಒಣ ವಾಸನೆ ಬಂತು. ಹರಿದಲ್ಲಿ ತಾನು ಹಾಕಿದ್ದ ಹೊಲಿಗೆಯ ಮೇಲೆ ಬೆರಳಾಡಿಸಿದಳು. ಭಾನುವಾರ ಇದರ ಜೊತೆಗೆ ಆ ಮಾತುಗಳೂ ಹೋಗುತ್ತವೆ. ಹಗಲೆಲ್ಲ ಚೀಟಿ ಬರೆದು ಬಂದು ಸೊಂಟ ನೋವೆಂದ ದಿನ ಆ ಹುಡುಗಿಗೂ ಯಾರೋ ಅನ್ನುತ್ತಾರೆ, ರೇಷ್ಮಿ ಉಡಿಸೀವಿ ಎಂದು. ಅನ್ನುವವಳು ತಾನೇ ಆದರೂ ಆಶ್ಚರ್ಯವಿಲ್ಲ. ಬಾಯಿಗೆ ರೂಢಿಯಾದ ಮಾತು. ಕೊಡುವ ಮೊದಲು ಇದು ಏನು ಎಂದು ತಿಳಿಯಬೇಕು ಅನ್ನಿಸಿತು. ಯಾತಕ್ಕೆ ತಾನು ಇಷ್ಟು ವರ್ಷ ಒರಟುಗೈಯವಳಾಗಿದ್ದೆ?

ಎಲ್ಲರ ಮುಂದೆ ಆ ಸಣ್ಣ ಉಪಕರಣಕ್ಕೆ ಹಿಡಿಯುವುದು ಬೇಡವಾಗಿತ್ತು. ಮನೆಯ ಮಾತು ಶೆಡ್ಡಿನ ನಗೆಯಾಗಬಾರದು. ಅವಳೇ ಒಂದು ದಾರಿ ಹುಡುಕಿಕೊಂಡಳು. ಓಡುವ ಪಟ್ಟಿಯ ಮೇಲೆ ಹಾಸಿಬಿಟ್ಟರೆ ಯಂತ್ರ ಬಾಯಿ ಬಿಡುವುದಿಲ್ಲ. ಸೀರೆ ಎಲ್ಲಿ ಬೀಳುತ್ತದೋ ಅದೇ ಉತ್ತರ. ರೇಷ್ಮೆಯಾದರೆ ಮುಂದಿನ ಚೀಲಕ್ಕೆ, ಪಾಲಿಸ್ಟರ್ ಆದರೆ ಬಲಗಡೆಯ ತೊಟ್ಟಿಗೆ. ಎರಡರಿಂದಲೂ ನಿಧಾನಕ್ಕೆ ಹೋಗಿ ಎತ್ತಿಕೊಳ್ಳಬಹುದು. ಎಡಗಡೆ ಬಿದ್ದದ್ದು ಮಾತ್ರ ಎತ್ತಲಿಕ್ಕೆ ಸಿಗುವುದಿಲ್ಲ. ಅಲ್ಲಿಂದ ಇನ್ನೊಂದು ಪಟ್ಟಿ ನೇರ ಕತ್ತರಿ ಯಂತ್ರದ ಬಾಯಿಗೆ ಹೋಗುತ್ತದೆ. ಆದರೆ ಎಡ ಅಂದರೆ ಹತ್ತಿ. ಇಷ್ಟು ಹೊಳೆಯುವ ಸೀರೆ ಹತ್ತಿಯಾಗುವುದುಂಟೆ?

ಶುಕ್ರವಾರ ಬೆಳಿಗ್ಗೆ, ಯಾದಮ್ಮ ನೀರು ಕುಡಿಯಲು ಹೋದಾಗ, ಬಂಡೆಮ್ಮ ಚೀಲದಿಂದ ಸೀರೆ ತೆಗೆದು ಒಂದು ಲುಂಗಿ ಮತ್ತು ಒಂದು ಯೂನಿಫಾರಂ ನಡುವೆ ಹಾಸಿದಳು. ಕೆಂಪು ಹೊಳಪು ಗೂಡಿನೊಳಗೆ ಹೋಯಿತು. ಕಾಣುವ ಬೆಳಕು, ಕಾಣದ ಬೆಳಕು ಎರಡೂ ಅದರ ಮೇಲೆ ಬಿದ್ದಿರಬೇಕು. ಸೀರೆ ಹೊರಬಂತು. ಉಫ್.

ಸೀರೆ ಎಡಕ್ಕೆ ಹಾರಿತು.

ಬಂಡೆಮ್ಮ ಓಡಿದಳು. ಇಟ್ಟಂಗಿ ಹೊರುತ್ತಿದ್ದ ಕಾಲದಲ್ಲೂ ಹಾಗೆ ಓಡಿದವಳಲ್ಲ. ಅವಳು ಮುಟ್ಟುವಷ್ಟರಲ್ಲಿ ಸೆರಗಿನ ಮೂಲೆ ಕತ್ತರಿಯ ಬಾಯಿಗೆ ತಾಗಿತ್ತು. ಎಂದೂ ಯಾರೂ ಎಳೆಯದ ಕೆಂಪು ಹಗ್ಗ ಎಳೆದಳು. ಪಟ್ಟಿ ನಿಂತಿತು, ಗಾಳಿ ನಿಂತಿತು, ಪಕ್ಕದ ನೂಲುವ ಕೋಣೆಯ ಸದ್ದೂ ನಿಂತಿತು. ಇಡೀ ಶೆಡ್ಡು ಅವಳನ್ನು ನೋಡುತ್ತಿತ್ತು.

ನಿಖಿತಾ ಓಡಿ ಬಂದವಳು ಮೊದಲು ಬಂಡೆಮ್ಮನ ಎರಡೂ ಕೈ ಹಿಡಿದು ಬೆರಳುಗಳನ್ನು ನೋಡಿದಳು. ಎಲ್ಲ ಇದ್ದವು. ಆಮೇಲೆ ಸೀರೆಯನ್ನು ಬಿಡಿಸಿ ಹೊರತೆಗೆದಳು. ಅಂಗೈಯಷ್ಟು ಮೂಲೆ ಹೋಗಿತ್ತು.

‘ಇದು ನಿಮ್ಮದಾ?’

‘ನಮ್ಮ ಅತ್ತಿದು. ರೇಷ್ಮಿ.’ ಬಂಡೆಮ್ಮ ಮೂಲೆ ಹೋದಲ್ಲಿ ಬೆರಳಿಟ್ಟಳು. ‘ಅಲ್ಲೇನು? ಹತ್ತಿ ಅಂತೇನು? ಹತ್ತಿ ಹಿಂಗ ಹೊಳೀತೈತಾ? ಇವತ್ತ ಇದಕ್ಕ ತಪ್ಪು ಬಿದ್ದೈತಿ ಮೇಡಮ್ಮಾ.’

ನಿಖಿತಾ ಬಯ್ಯಲಿಲ್ಲ. ಸಣ್ಣ ಉಪಕರಣವನ್ನು ಸೀರೆಗೆ ಒತ್ತಿದಳು. ಎರಡು ಕಡೆ ಒತ್ತಿದಳು. ‘ತಪ್ಪಿಲ್ಲ. ಇದು ಹತ್ತಿಯೂ ಅಲ್ಲ, ರೇಷ್ಮೆಯೂ ಅಲ್ಲ. ರೇಯಾನ್. ಹತ್ತಿಗೆ ಹತ್ತಿರದ ಸಂಬಂಧಿ, ಅದಕ್ಕೇ ಆ ಕಡೆ ಕಳಿಸಿದೆ.’

‘ಪ್ಲಾಸ್ಟಿಕ್ಕಾ?’

‘ಅಲ್ಲ. ಮರ.’

ಬಂಡೆಮ್ಮ ಅವಳ ಮುಖವನ್ನೇ ನೋಡಿದಳು.

‘ನಿಜವಾಗ್ಲೂ. ಮರವನ್ನು ಅರೆದು, ಔಷಧಿ ಹಾಕಿ ಕರಗಿಸಿ, ಗಂಜಿಯ ಹಾಗೆ ಮಾಡ್ತಾರೆ. ಅದನ್ನು ತುಂಬಾ ಸಣ್ಣ ತೂತುಗಳ ಮೂಲಕ ಒತ್ತಿದ್ರೆ ಎಳೆ ಬರುತ್ತೆ.’

‘ಶಾವಿಗಿ ಒತ್ತಿದಂಗ?’

ನಿಖಿತಾ ತಲೆಯಾಡಿಸಿ, ‘ಹೌದು. ಅದೇ ಥರ’ ಎಂದಳು. ‘ಹಿಂದೆ ಎಷ್ಟೋ ಅಂಗಡಿಯವರು ಇದನ್ನೇ ರೇಷ್ಮೆ ಅಂತ ಮಾರಿದ್ದಾರೆ. ನೋಡಲಿಕ್ಕೆ ಹಾಗೇ ಇರುತ್ತೆ. ಒಂದೇ ಕಷ್ಟ. ಒದ್ದೆಯಾದ್ರೆ ಇದರ ಬಲ ಅರ್ಧಕ್ಕರ್ಧ ಹೋಗುತ್ತೆ. ಹಿಂಡಿದ್ರೆ ಸುಲಭವಾಗಿ ಹರಿಯುತ್ತೆ.’

ಯಾದಮ್ಮ ಬಂದು ನಿಂತಿದ್ದಳು. ಬಂಡೆಮ್ಮ ಅಲ್ಲೇ ಬಟ್ಟೆ ರಾಶಿಯ ಮೇಲೆ ಕೂತಳು.

‘ಇನ್ನೊಮ್ಮಿ ಹೇಳ್ರಿ ಮೇಡಮ್ಮಾ.’

‘ಏನು?’

‘ಈಗ ಕಡೀಕ ಹೇಳಿದ್ದು.’

ನಿಖಿತಾ ಮತ್ತೆ ಹೇಳಿದಳು. ಬಂಡೆಮ್ಮ ತನ್ನ ಎರಡೂ ಅಂಗೈ ತಿರುಗಿಸಿ ನೋಡಿಕೊಂಡಳು. ಯಾವ ಸಾಕ್ಷಿಯೂ ಇಲ್ಲದೆ ಹಿತ್ತಲ ಕಲ್ಲಿನ ಮೇಲೆ ನಡೆದ ಒಂದು ಸಂಗತಿಯನ್ನು, ಮೂವತ್ತು ವರ್ಷದ ಮೇಲೆ, ನಾಚಾರಂನ ತಗಡಿನ ಶೆಡ್ಡಿನಲ್ಲಿ ಒಂದು ಬೆಳಕು ಕಂಡು ಹೇಳಿತ್ತು.

‘ಅತ್ತ ಏಮಂಟದಿ?’ ಎಂದಳು ಯಾದಮ್ಮ, ಯಂತ್ರದ ಕಡೆ ಗದ್ದ ತೋರಿಸಿ.

‘ನನ್ನ ಕೈ ಛಲೋ ಐತಿ ಅಂತಾಳ’ ಎಂದಳು ಬಂಡೆಮ್ಮ.

ಆ ದಿನ ಕೆಲಸ ಮುಗಿದ ಮೇಲೆ ಅವಳು ನೂಲುವ ಕೋಣೆಯ ಬಾಗಿಲಲ್ಲಿ ನಿಂತಳು. ಕತ್ತರಿಸಿದ ಹತ್ತಿಬಟ್ಟೆಯನ್ನು ಹಲ್ಲುಗಳ ಉರುಳೆಗಳು ಬಿಡಿಸಿ ಬಿಡಿಸಿ ಮತ್ತೆ ಅರಳೆ ಮಾಡುವ ಜಾಗ ಅದು. ಬಿಳಿ, ನೀಲಿ, ಬೂದು ಅರಳೆ ಮೋಡದ ಹಾಗೆ ಕೋಣೆ ತುಂಬಿತ್ತು. ಅದರ ನೂಲಿನಿಂದ ಜಮಖಾನೆ ಆಗುತ್ತದೆ, ನೆಲ ಒರೆಸುವ ಬಟ್ಟೆ ಆಗುತ್ತದೆ. ತನ್ನ ಸೆರಗಿನ ಮೂಲೆಯೂ ಅದರೊಳಗೆ ಸೇರಿದೆ. ಯಾವ ಕಾಡಿನದೋ, ಯಾವ ಮಳೆ ಕುಡಿದು ಬೆಳೆದದ್ದೋ ಒಂದು ಮರ. ಗಂಜಿಯಾಗಿ, ಎಳೆಯಾಗಿ, ಸೀರೆಯಾಗಿ, ಅತ್ತೆಯ ಅತ್ತೆಯನ್ನು ಸುತ್ತಿ, ಅತ್ತೆಯನ್ನು ಸುತ್ತಿ, ತನ್ನನ್ನು ಸುತ್ತಿ, ಈಗ ಯಾರ ಮನೆಯ ನೆಲಕ್ಕೋ ಹೊರಟಿತ್ತು. ಇನ್ನೂ ಮುಗಿಯದ ಆ ಪ್ರಯಾಣವನ್ನು ನೋಡುತ್ತ ಅವಳು ಬಸ್ಸು ತಪ್ಪಿಸಿಕೊಂಡಳು.

ಮನೆಯಲ್ಲಿ ಸಾಬಮ್ಮ ಬಾಗಿಲ ಬಳಿ ಮೆಂತ್ಯೆ ಸೊಪ್ಪು ಸೋಸುತ್ತಿದ್ದಳು. ಭೀಮಾಶಂಕರ ರಜೆಯೆಂದು ಮಲಗಿ ಫೋನು ನೋಡುತ್ತಿದ್ದ. ಬಂಡೆಮ್ಮ ಸೀರೆಯನ್ನು ಅತ್ತೆಯ ಮುಂದೆ ಬಿಚ್ಚಿ ಹಾಸಿದಳು.

‘ಮೂಲಿ ಎಲ್ಲಿ ಹೋತು?’

‘ಯಂತ್ರ ತಿಂದೈತ್ರಿ. ತಪ್ಪು ನಂದು, ನಾನಽ ಹಾಕಿದ್ದು. ಆದ್ರ ಇದು ರೇಷ್ಮಿ ಅಲ್ರಿ ಅತ್ತಿ.’

‘ಯಾರಂದ್ರು?’

‘ಬೆಳಕು.’

‘ಬೆಳಕು ಮಾತಾಡತೈತೇನ?’

‘ತೋರಸತೈತ್ರಿ. ಇದು ಗಿಡ. ದೊಡ್ಡ ಗಿಡ ಕಡದು, ಅಂಬಲಿ ಮಾಡಿ, ಶಾವಿಗಿ ಒತ್ತಿದಂಗ ಒತ್ತಿ ತಗದ ಎಳಿ.’

ಸಾಬಮ್ಮ ಸೀರೆಯನ್ನು ಕಣ್ಣಿನ ಹತ್ತಿರ ಹಿಡಿದಳು. ಮೂಸಿದಳು. ‘ನಾ ಗಿಡ ಉಟ್ಟು ಲಗ್ನ ಆದೆನೇನು?’ ಎಂದಳು, ಯಾರನ್ನೂ ಕೇಳದ ಹಾಗೆ. ಅವಳ ಮುಖದ ಮೇಲೆ ಸಿಟ್ಟಿರಲಿಲ್ಲ. ಮುದುಕಿಯ ಮುಖದಲ್ಲಿ ಅಪರೂಪಕ್ಕೆ ಕಾಣುವ ಮಗುವಿನ ಬೆರಗು ಇತ್ತು.

‘ತೊಯ್ದ್ರ ಇದರ ಕಸುವು ಅರ್ಧ ಹೋಗತೈತಂತ್ರಿ. ಯಾರು ಹಿಂಡಿದ್ರೂ ಹರೀತೈತಿ.’ ಬಂಡೆಮ್ಮ ತನ್ನ ಹಳೆಯ ಹೊಲಿಗೆಯನ್ನು ಅತ್ತೆಯ ಮುಂದೆ ಹಿಡಿದಳು. ‘ಅವತ್ತ ಹರದದ್ದು ನನ್ನ ಕೈ ಅಲ್ರಿ.’

ಸಾಬಮ್ಮ ಸೀರೆಯನ್ನು ಎಳೆದೆಳೆದು ಇನ್ನೊಂದು ತುದಿ ಹುಡುಕಿದಳು. ಉಟ್ಟಾಗ ಸೊಂಟದ ಒಳಗೆ ಸೇರುವ ತುದಿ. ಅಲ್ಲಿ ತೀರ ಸಣ್ಣ ಹೊಲಿಗೆಯ ಗೆರೆಯೊಂದಿತ್ತು. ಇಷ್ಟು ವರ್ಷ ಬಂಡೆಮ್ಮ ಅದನ್ನು ನೇಯ್ಗೆಯ ಗಂಟು ಎಂದುಕೊಂಡಿದ್ದಳು.

‘ಹೊಳಿಯಾಗ ಒಗ್ಯಾಕತ್ತಿದ್ದೆ. ನನ್ನ ಕೈಯಾಗಽ ಹರೀತು. ನಮ್ಮತ್ತಿ ನೋಡೂದ್ರಾಗ ಸೀರಿ ಎಳಿಯಿಂದಽ ಹೊಲದೆ. ಆಕಿ ಸಾಯೂತನ ಗೊತ್ತಾಗ್ಲಿಲ್ಲ.’

‘ಗೊತ್ತಿದ್ದೂ ನನಗ ಅಷ್ಟು ಅಂದ್ರಿ?’

‘ನೀ ಹರದಿ ಅಂತ ಅಂದಷ್ಟು ನಂದು ಮುಚ್ಚತಿತ್ತು.’ ಮುದುಕಿ ಮೆಂತ್ಯೆಯ ತಟ್ಟೆಯನ್ನು ಮತ್ತೆ ಎಳೆದುಕೊಂಡಳು. ನಾಲ್ಕು ಎಲೆ ಬಿಡಿಸಿ, ‘ಚಹಾ ಮಾಡ್ತೀಯೇನ?’ ಎಂದಳು.

ಬಂಡೆಮ್ಮ ಏಳಲು ಹೊರಟವಳು ಕೂತಲ್ಲೇ ಕೂತಳು. ‘ಭೀಮ್ಯಾ, ಚಹಾ ಇಡು.’

‘ನಾನಾ?’

‘ಹಾಸ್ಟೆಲಿನಾಗ ನಿನ್ನ ಕೈ ಚಹಾಕ್ಕ ಸಾಲು ನಿಂದರ್ತಾರಂತಲ್ಲ. ನಾವು ಇಬ್ರು ಅದೀವಿ, ಸಾಲು ಸಣ್ಣದು.’

ಸಾಬಮ್ಮ ನಕ್ಕುಬಿಟ್ಟಳು. ಅವನು ಎದ್ದ. ಸಕ್ಕರೆ ಡಬ್ಬಿ ಎಲ್ಲಿದೆ ಎಂದು ಕೇಳಿದ. ‘ನೋಡಿಕೋ’ ಎಂದಳು ಬಂಡೆಮ್ಮ.

ಭಾನುವಾರ ಮಲ್ಕಾಜ್‌ಗಿರಿಯ ಬೀಗರ ಸಣ್ಣ ಮನೆಯಲ್ಲಿ ಉಮಾಶ್ರೀ ಹೊಸ ಸೀರೆಯುಟ್ಟು ಕೂತಿದ್ದಳು. ಅಕ್ಕಿ, ಕೊಬ್ಬರಿ, ಅರಿಶಿನ ಉಡಿಗೆ ಬಿದ್ದವು. ಕೊನೆಗೆ ಬಂಡೆಮ್ಮ ಕೆಂಪು ಸೀರೆ ಇಟ್ಟಳು. ಮೂಲೆ ಹೋದಲ್ಲಿ ಅಂಚು ಮಡಚಿ ಹೊಲಿದಿದ್ದಳು, ಕದ್ದು ಹೊಲಿದದ್ದಲ್ಲ, ಬಿಳಿ ದಾರದಲ್ಲಿ.

ಬೀಗರ ಕಡೆಯ ಹಿರಿಯಳೊಬ್ಬಳು ಮುಟ್ಟಿ, ‘ರೇಷ್ಮಿ ಏನ್ರಿ?’ ಎಂದಳು.

ಬಂಡೆಮ್ಮ ಬಾಯಿ ತೆರೆಯುವ ಮೊದಲೇ ಕುರ್ಚಿಯಲ್ಲಿ ಕೂತಿದ್ದ ಸಾಬಮ್ಮ, ‘ಅಲ್ಲ. ಗಿಡ’ ಎಂದಳು. ಅವಳು ರೇಷ್ಮೆ ಎನ್ನುವಾಗಲೂ ಅಷ್ಟು ಗತ್ತು ಇರುತ್ತಿರಲಿಲ್ಲ.

ಬಂಡೆಮ್ಮ ಹುಡುಗಿಯ ಕಡೆ ಬಾಗಿದಳು. ‘ಮನಸಿಗೆ ಬಂದ್ರ ಉಡವ್ವ, ಇಲ್ಲಂದ್ರ ಇಲ್ಲ. ಒಗದ್ರ ಹರೀತೈತಿ. ಹರದ್ರ ಹರೀಲಿ, ನಿನ್ನ ಕೈಯಂದಲ್ಲ ಅದು, ಇದರ ಗುಣ. ಇದನ್ನ ಕೊಟ್ಟೀವಂತ ನಮ್ಮ ಮನ್ಯಾಗ ನೀ ಯಾವ ಕೆಲಸಾನೂ ಮಾಡಬೇಕಾಗಿಲ್ಲ.’

ಉಮಾಶ್ರೀ ಸೀರೆಯನ್ನು ಕಿಟಕಿಯ ಬಿಸಿಲಿಗೆ ಎತ್ತಿ ಹಿಡಿದಳು. ಎರಡು ಹೊಲಿಗೆಗಳನ್ನೂ, ಮಡಚಿದ ಮೂಲೆಯನ್ನೂ ನೋಡಿದಳು. ಬಿಸಿಲು ಅದರ ಮೂಲಕ ಹಾದು ಅವಳ ಮುಖವೆಲ್ಲ ಕೆಂಪಾಯಿತು.

‘ಯಾವ ಗಿಡರೀ ಅತ್ತಿ?’ ಎಂದು ಕೇಳಿದಳು.

ಬಂಡೆಮ್ಮ ಸಾಬಮ್ಮನನ್ನು ನೋಡಿದಳು, ಸಾಬಮ್ಮ ಬಂಡೆಮ್ಮನನ್ನು. ಅದು ಇಬ್ಬರಿಗೂ ಹೊಳೆದೇ ಇರಲಿಲ್ಲ.

‘ನಾಳಿ ಕೇಳ್ಕೊಂಡು ಬರ್ತೀನಿ’ ಎಂದಳು ಬಂಡೆಮ್ಮ.